ವತ್ಸಲಾಬಾಯಿಯವರ ಮೂವತ್ನಾಲ್ಕು

ಮಹಿಳಾ ಸಮಾಜದ ಅಧ್ಯಕ್ಷೆ ವತ್ಸಲಾಬಾಯಿಯವರು ತಮ್ಮ ಮದುವೆ ಸೀರೆಯ ಜೊತೆಗಿನ ರೇಷ್ಮೆ ಜಂಪರನ್ನು ಗಿರಿಜವ್ವನ ಮುಂದೆ ಎಸೆದರು. ಗಿರಿಜವ್ವ ಮನೆಯಲ್ಲೇ ಕೂತು ಓಣಿಯವರ ಬಟ್ಟೆಗಳನ್ನು ಬಿಗಿ ಮಾಡಿ, ಸಡಿಲು ಮಾಡಿ ಕೊಡುವವಳು. ಹೊಲಿಗೆ ಮಷಿನ್ ಮಾತ್ರ ಸಮಾಜದ್ದು.

"ಪ್ಯಾಟಿ ಟೇಲರ್‌ಗೆ ಕಣ್ಣಿಲ್ಲ. ನನ್ನ ಅಳತಿ ಮೂವತ್ತೆಂಟು ಅಂತಾನ! ಲಗ್ನಾದಾಗಿಂದ ನಂದು ಮೂವತ್ನಾಲ್ಕ. ಪೆಟ್ಟಿಗ್ಯಾಗಿಟ್ಟು ಜಂಪರ್ ಸಣ್ಣಾಗೇದ, ಅಷ್ಟ. ನೀ ಅಳದು ನೋಡು. ನೀನೂ ಹಂಗ ಅಂದಿ ಅಂದ್ರ ನಾಳೆ ಮಷಿನ್ ವಾಪಸ್ ಹೋಗ್ತದ."

ಪಾಪ, ಮೂವತ್ತು ವರ್ಷ ಉಪವಾಸ ಮಲಗಿದ ಜಂಪರ್ ಇದ್ದಷ್ಟೇ ಇತ್ತು. ಬಾಯಿಯವರು ಉಪವಾಸ ಮಲಗಿರಲಿಲ್ಲ.

"ಟೇಪ್ ತರ್ತೀನ್ರಿ" ಎಂದು ಗಿರಿಜವ್ವ ಒಳಗೆ ಹೋದಳು. ಟೇಪಿನ ತುದಿಗೆ ನಾಲ್ಕಿಂಚು ಬಿಳಿ ಲಾಡಿ ಹೊಲಿದುಕೊಂಡು ಬಂದಳು. ಬಾಯಿಯವರ ಎದೆಯ ಸುತ್ತ ಟೇಪ್ ಹಾಕಿ, ಲಾಡಿಯನ್ನು ಬೆನ್ನ ಹಿಂದೆ ಮುಷ್ಟಿಯಲ್ಲಿ ಮುಚ್ಚಿ ಹಿಡಿದಳು. ಅಂಕಿಯ ಮೇಲೆ ಬೆರಳಿಟ್ಟು ಮುಂದೆ ತಂದು ತೋರಿಸಿದಳು. ಮೂವತ್ನಾಲ್ಕು!

"ನಾ ಹೇಳಲಿಲ್ಲೇನು?" ಬಾಯಿಯವರು ಹೆಮ್ಮೆಯಿಂದ ಉಬ್ಬಿದರು. ಅಳತೆ ಇನ್ನೂ ಅರ್ಧ ಇಂಚು ಏರಿತು.

ಗಿರಿಜವ್ವ ಆ ಅರ್ಧ ಇಂಚನ್ನೂ ಮನಸ್ಸಿನಲ್ಲಿ ಹಿಡಿದು, ಜಂಪರಿನ ಎರಡೂ ಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಬಿಟ್ಟು ಹೊಲಿದಳು. ಬಾಯಿಯವರು ತೊಟ್ಟು, ಕೈಯೆತ್ತಿ ಕನ್ನಡಿ ನೋಡಿಕೊಂಡು, ನಿರಾಳವಾಗಿ ಉಸಿರುಬಿಟ್ಟರು.

"ಊರಾಗಿನ ಟೇಪೆಲ್ಲಾ ಸುಳ್ಳ. ನಿಂದೊಂದ ಖರೆ. ಏನು ವಿಶೇಷ ಅದ ಅದರಾಗ?"

"ಏನಿಲ್ರಿ ಬಾಯಾರ," ಅಂದಳು ಗಿರಿಜವ್ವ, "ಮಂದಿ ಮುಖಾ ನೋಡಿ ಅಳೀತೈತ್ರಿ."