ಹೊನ್ನಗಿರಯ್ಯನ ಕ್ಯಾಮೆರಾಕ್ಕೆ ಸಿಕ್ಕ ಕಳ್ಳ

ಹೊನ್ನಗಿರಯ್ಯನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವಳು ಹಾಲು ಹಾಕಿ ಹೋದರೆ ಲೋಟವನ್ನು ಬೆಳಕಿಗೆ ಹಿಡಿದು ನೋಡುವನು. ಬಸ್ಸಿನ ಕಂಡಕ್ಟರು ನಕ್ಕು ಮಾತಾಡಿಸಿದರೆ, ಚಿಲ್ಲರೆ ಕೊಡದೆ ಜಾರಿಕೊಳ್ಳುವ ಹುನ್ನಾರ ಎನ್ನುವನು. ಹೆಂಡತಿ ಪುಟ್ಟಲಿಂಗಮ್ಮ ಒಂದು ದಿನ ಸಾರು ಚೆನ್ನಾಗಿ ಮಾಡಿದರೆ, 'ಇವತ್ತು ಏನೋ ಕೇಳೋಳಿದ್ದಾಳೆ' ಅಂತ ಊಟ ಮುಗಿಯುವವರೆಗೂ ಕಾಯುವನು. ಅವಳು ಏನೂ ಕೇಳದೆ ಎದ್ದು ಹೋದರೆ ಅನುಮಾನ ಇನ್ನೂ ಜಾಸ್ತಿ. ಇಂಥವನ ಜೊತೆ ಸಂಸಾರ ಮಾಡಿದ ಆ ತಾಯಿಗೆ ಕೈ ಮುಗಿಯಬೇಕು, ಆದರೆ ಈ ಕಥೆ ಅವಳದಲ್ಲ.

ಅವನ ಕಸುಬು ಜೇನು ಕೀಳುವುದು. ಊರು ಕನಕಪುರದ ಕಡೆಯ ಒಂದು ಬಂಡೆಬೆಟ್ಟದ ಬುಡದಲ್ಲಿತ್ತು. ಆ ಬೆಟ್ಟದ ನೆತ್ತಿಯ ಕೆಳಗೆ, ಮುಂದಕ್ಕೆ ಚಾಚಿದ ಕಲ್ಲಿನ ಮರೆಯಲ್ಲಿ, ಹೆಜ್ಜೇನು ಸಾಲಾಗಿ ಹುಟ್ಟು ಕಟ್ಟುತ್ತಿತ್ತು. ಮೈಗೆ ಕರಿಕಂಬಳಿ ಹೊದ್ದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೆತ್ತಿಯಿಂದ ಇಳಿಯಬೇಕು. ಮೇಲೆ ಒಬ್ಬ ಹಗ್ಗ ಹಿಡಿದು ಕೂತಿರಬೇಕು.

ಈ ಹಗ್ಗ ಹಿಡಿಯುವುದಕ್ಕೆ ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಯಾರೆಂದರೆ ಅವರು ಹಿಡಿಯುವಂತಿಲ್ಲ. ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವನಾದರೆ ಮನಸ್ಸಿನಲ್ಲಿ ಆಸ್ತಿ ಪಾಲಿನ ತಕರಾರು ಇಟ್ಟುಕೊಂಡಿರಬಹುದು. ಆದರೆ ಅಕ್ಕನ ತಾಳಿ ಯಾವ ಹಗ್ಗದಲ್ಲಿ ನೇತಾಡುತ್ತಿದೆಯೋ ಆ ಹಗ್ಗವನ್ನು ಯಾವ ತಮ್ಮನೂ ಬಿಡುವುದಿಲ್ಲ. ಹಗ್ಗ ವರ್ಷವಿಡೀ ಅವನ ಮನೆಯಲ್ಲೇ ಇರುತ್ತದೆ. ಅದನ್ನು ಇಲಿ ಕಡಿಯದ ಹಾಗೆ, ನೆನೆಯದ ಹಾಗೆ ನೋಡಿಕೊಳ್ಳುವುದೂ ಅವನದೇ ಜವಾಬ್ದಾರಿ. ಪುಟ್ಟಲಿಂಗಮ್ಮನಿಗೆ ಇದ್ದವನು ಒಬ್ಬನೇ ತಮ್ಮ, ಸಿದ್ದರಾಜು. ಮದುವೆಯಾದ ವರ್ಷದಿಂದ ಹೊನ್ನಗಿರಯ್ಯ ಸಿದ್ದರಾಜುವಿನ ಕೈಯನ್ನು ನಂಬಿಯೇ ಬಂಡೆಗೆ ಇಳಿದಿದ್ದ. ಅವನ ಬದುಕಿನಲ್ಲಿ ಅನುಮಾನ ಹೊಗದೆ ಉಳಿದಿದ್ದ ಜಾಗ ಅದೊಂದೇ.

ಆ ವರ್ಷ ಅಲ್ಲಿಗೂ ಹೊಕ್ಕಿತು.

ಜೇನು ಬಲಿಯುವ ಹೊತ್ತಿಗೆ ಸರಿಯಾಗಿ ಒಂದು ಹುಟ್ಟು ಖಾಲಿಯಾಯಿತು. ಕೆಳಗಿನಿಂದ ನೋಡಿದರೆ ಬಂಡೆಯ ಮೇಲೆ ಬರೀ ಮೇಣದ ಕಲೆ. ಸ್ವಲ್ಪ ದಿನಕ್ಕೆ ಪಕ್ಕದ್ದೂ ಹೋಯಿತು. ಹೊನ್ನಗಿರಯ್ಯ ಲೆಕ್ಕ ಹಾಕಿದ. ಅಲ್ಲಿಗೆ ಹಗ್ಗವಿಲ್ಲದೆ ಯಾರೂ ಇಳಿಯಲಾರರು. ಹಗ್ಗ ಇರುವುದು ಸಿದ್ದರಾಜುವಿನ ಮನೆಯಲ್ಲಿ. ಹಾಗಾದರೆ?

"ಹಗ್ಗ ಎಲ್ಲಿಟ್ಟಿದ್ದೀಯ ಸಿದ್ದ?" ಎಂದು ದಾರಿಯಲ್ಲಿ ಸುಮ್ಮನೆ ಕೇಳಿದ ಹಾಗೆ ಕೇಳಿದ.

"ಅಟ್ಟದ ಮೇಲೆ ಭಾವ, ಎಲ್ಲಿರುತ್ತೆ?" ಎಂದ ಸಿದ್ದರಾಜು.

ತಡಮಾಡದೆ ಉತ್ತರ ಕೊಟ್ಟನಲ್ಲ, ಮೊದಲೇ ತಯಾರು ಮಾಡಿಕೊಂಡಿದ್ದಾನೆ ಅಂದುಕೊಂಡ ಹೊನ್ನಗಿರಯ್ಯ. ತಡಮಾಡಿದ್ದರೆ ತಬ್ಬಿಬ್ಬಾದ ಅನ್ನುತ್ತಿದ್ದ. ಇಂಥವರಿಗೆ ಏನು ಹೇಳಿದರೂ ಕಷ್ಟ.

ಕಳ್ಳನನ್ನು ಕಣ್ಣಾರೆ ಹಿಡಿಯಬೇಕು ಅನ್ನಿಸಿತು. ಆದರೆ ಜೇನಿರುವ ಜಾಗ ನೆತ್ತಿಯಿಂದ ಕಾಣದು, ಬುಡದಿಂದ ಸರಿಯಾಗಿ ಕಾಣದು. ಎದುರು ಬೆಟ್ಟದಿಂದ ನೇರಕ್ಕೆ ಕಾಣುತ್ತದೆ, ಆದರೆ ತುಂಬ ದೂರ. ಮೊಬೈಲಿನಲ್ಲಿ ಫೋಟೋ ತೆಗೆದರೆ ಇಡೀ ಬೆಟ್ಟವೇ ಬೆಲ್ಲದಚ್ಚಿನಷ್ಟು ಬಂತು. ಸರಿ, ಒಂದು ಕ್ಯಾಮೆರಾ ಕೊಳ್ಳುವುದೇ ಎಂದು ಪೇಟೆಗೆ ಹೊರಟ.

ಪೇಟೆಯ ಕ್ಯಾಮೆರಾ ಅಂಗಡಿಯನ್ನು ಪ್ರಭಾವತಮ್ಮ ಎಂಬಾಕೆ ನಡೆಸುತ್ತಿದ್ದಳು. ಆಕೆ ಎರಡು ಕ್ಯಾಮೆರಾ ತಂದು ಮುಂದಿಟ್ಟಳು. ಒಂದು ದೊಡ್ಡದು, ದಪ್ಪನೆಯ ಕಪ್ಪು ಡಿಎಸ್‌ಎಲ್‌ಆರ್. ಇನ್ನೊಂದು ಅಂಗೈಯಲ್ಲಿ ಕೂರುವ ಚಿಕ್ಕ ಸೂಪರ್‌ಝೂಮ್.

"ಏನು ತೆಗೆಯೋಕೆ ಬೇಕು ಯಜಮಾನ್ರೇ? ಅದನ್ನು ಹೇಳಿದ್ರೆ ಯಾವುದು ತಗೋಬೇಕು ಅಂತ ಹೇಳ್ತೀನಿ."

ಹೊನ್ನಗಿರಯ್ಯನ ಕಿವಿ ನೆಟ್ಟಗಾಯಿತು. ಇವಳಿಗ್ಯಾಕೆ? ಸಿದ್ದರಾಜುವಿನ ಹೆಂಡತಿಯೂ ಈ ಪೇಟೆಯವಳೇ. ಸುದ್ದಿ ಮುಟ್ಟಿಸಿಬಿಟ್ಟರೆ?

"ಮದುವೆ, ನಾಮಕರಣ... ಅಂಥದ್ದಕ್ಕೆ" ಎಂದ.

"ಹಾಗಾದ್ರೆ ದೊಡ್ಡದು ಚೆನ್ನ. ಛತ್ರದೊಳಗೆ ಬೆಳಕು ಕಮ್ಮಿ ಇದ್ರೂ ಚೆನ್ನಾಗಿ ಬರುತ್ತೆ. ಆದ್ರೆ ಇದರ ಜೊತೆ ಬರೋ ಲೆನ್ಸು ಹತ್ತಿರದ್ದಕ್ಕೆ ಮಾತ್ರ. ದೂರದ್ದಕ್ಕೆ ಬೇರೆ ದೊಡ್ಡ ಲೆನ್ಸು ಹಾಕ್ಬೇಕು."

ಬಂತು ನೋಡು, ಇನ್ನೊಂದು ಸಾಮಾನು ತಲೆಗೆ ಕಟ್ಟುವ ಉಪಾಯ ಅಂದುಕೊಂಡ.

"ಮನೆಮಟ್ಟಿಗೆ ಅಂದ್ರೆ ಈ ಚಿಕ್ಕದೇ ಸಾಕು," ಪ್ರಭಾವತಮ್ಮ ಮುಂದುವರಿಸಿದಳು. "ಹಗುರ. ಕತ್ತಲಲ್ಲಿ ಅಷ್ಟು ಚೆನ್ನಾಗಿ ಬರಲ್ಲ, ನಿಜ. ಆದ್ರೆ ಬಿಸಿಲಲ್ಲಿ ಎಷ್ಟು ದೂರದ್ದನ್ನೂ ಹತ್ತಿರ ಎಳ್ಕೊಳ್ಳುತ್ತೆ. ನೋಡಿ ಬೇಕಾದ್ರೆ."

ಬಾಗಿಲಿಗೆ ಬಂದು ಅದನ್ನು ಅವನ ಕೈಗೆ ಕೊಟ್ಟಳು. ಹೊನ್ನಗಿರಯ್ಯ ಬೀದಿಯಾಚೆ, ಊರಾಚೆ ಇದ್ದ ನೀರಿನ ಟ್ಯಾಂಕಿಗೆ ಹಿಡಿದ. ಗುಂಡಿ ಒತ್ತಿದಂತೆಲ್ಲ ಟ್ಯಾಂಕು ಎದ್ದು ಎದುರಿಗೇ ಬಂತು. ಮೇಲೆ ಕೂತ ಕಾಗೆ ಕೊಕ್ಕು ತಿಕ್ಕಿಕೊಳ್ಳುವುದೂ ಕಂಡಿತು. ಒಂದು ಕ್ಷಣ ಅವನ ಎದೆ ಹಿಗ್ಗಿತು. ಮರುಕ್ಷಣವೇ ಅನುಮಾನ. ಇಷ್ಟು ಚಿಕ್ಕ ಡಬ್ಬಿಯಲ್ಲಿ ಅಷ್ಟು ದೂರದ ಕಾಗೆ ಹೇಗೆ ಬರುತ್ತೆ? ಗಿರಾಕಿಗಳಿಗೆ ತೋರಿಸೋದಕ್ಕೆ ಅಂತ ಮೊದಲೇ ಒಳಗೆ ಕಾಗೆಯ ಚಿತ್ರ ತುಂಬಿಟ್ಟಿದ್ದಾಳೆ. ಅಲ್ಲದೆ ಅಂಗಡಿಯವಳೇ ಚಿಕ್ಕದು ಸಾಕು ಅನ್ನುತ್ತಿದ್ದಾಳೆ ಅಂದರೆ ಏನರ್ಥ? ಖರ್ಚಾಗದೆ ಕೊಳೆಯುತ್ತಿರುವ ಮಾಲು ಅಂತ ಅರ್ಥ.

ದೊಡ್ಡದನ್ನೇ ಕೊಂಡ. ಕೊರಳಿಗೆ ಹಾಕಿಕೊಂಡರೆ ಕತ್ತು ಜಗ್ಗುತ್ತಿತ್ತು. ತೂಕ ಇದ್ದ ಮೇಲೆ ಒಳಗೆ ಸರಕೂ ಇರಲೇಬೇಕು ಎಂದು ಸಮಾಧಾನ ಮಾಡಿಕೊಂಡ.

ಮರುದಿನದಿಂದ ಬೆಳಕು ಹರಿಯುವ ಮುಂಚೆಯೇ ಎದುರು ಬೆಟ್ಟ ಹತ್ತಿ ಕೂರತೊಡಗಿದ. ಹಾಗೆ ಕೂತ ಒಂದು ಬೆಳಗ್ಗೆ, ಜೇನಿನ ಬಂಡೆಯ ಮೇಲೆ ಏನೋ ಕಪ್ಪಗೆ ಅಲುಗಾಡಿತು. ಥಟ್ಟನೆ ಫೋಟೋ ಹೊಡೆದ. ನೋಡುತ್ತಾನೆ, ಪರದೆಯ ತುಂಬ ಬಂಡೆ, ಆಕಾಶ, ಮೋಡ. ಎಲ್ಲ ಕೈಯಲ್ಲಿ ಬರೆದ ಹಾಗೆ ಚೆನ್ನಾಗಿದೆ. ಕಳ್ಳ ಮಾತ್ರ ಎಳ್ಳುಕಾಳಿನಷ್ಟು.

ಮನೆಗೆ ಬಂದು ಆ ಎಳ್ಳುಕಾಳನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ದೊಡ್ಡದಾದಷ್ಟೂ ಅದು ಮಸುಕಾಗಿ ಚೌಕಚೌಕವಾಗಿ ಒಡೆಯಿತು. ಆದರೆ ಹೊನ್ನಗಿರಯ್ಯನಿಗೆ ಅದು ಸ್ಪಷ್ಟವಾಗುತ್ತಾ ಹೋಯಿತು. ಇದು ಕರಿಕಂಬಳಿ. ಇದು ತಲೆ. ಇದು ಗೂನುಬೆನ್ನು. ಸಿದ್ದರಾಜು ಚಿಕ್ಕಂದಿನಿಂದ ಸ್ವಲ್ಪ ಬಗ್ಗಿಯೇ ನಡೆಯುವವನು.

ಪುಟ್ಟಲಿಂಗಮ್ಮ ಇಣುಕಿ ನೋಡಿದಳು. "ಇದ್ರಲ್ಲಿ ನಂಗೆ ಏನೂ ಕಾಣಿಸ್ತಿಲ್ಲ. ಕಲ್ಲಿನ ನೆರಳೂ ಇರಬಹುದು."

"ನಿಂಗೆ ಹೆಂಗೆ ಕಾಣಿಸುತ್ತೆ? ನಿನ್ನ ತಮ್ಮ ಅಲ್ವಾ."

ಅವಳು ಎದ್ದು ಒಲೆಯ ಕಡೆ ಹೋದಳು.

ಸಂಜೆ ಊರ ಚಾವಡಿಗೆ ಕ್ಯಾಮೆರಾ ತಂದು ನಾಲ್ಕು ಜನರ ಮುಂದೆ ಹಿಡಿದ. ಮೊದಲು ಯಾರಿಗೂ ಏನೂ ಕಾಣಲಿಲ್ಲ. ಹೊನ್ನಗಿರಯ್ಯ ಬೆರಳಿಟ್ಟು ಗೆರೆ ಎಳೆದು ತೋರಿಸಿದ, ಇಲ್ಲಿ ತಲೆ, ಇಲ್ಲಿ ಬೆನ್ನು. ಆಮೇಲೆ ಒಬ್ಬೊಬ್ಬರಿಗೂ ಕಾಣತೊಡಗಿತು. ಹೌದಲ್ಲ, ಸಿದ್ದರಾಜುವೇ ಇದ್ದ ಹಾಗಿದೆ ಅಂದರು. ಜನರ ಕಣ್ಣೇ ಹಾಗೆ, ಯಾರಾದರೂ ಬೆರಳು ತೋರಿಸಲಿ ಅಂತ ಕಾಯುತ್ತಿರುತ್ತದೆ.

ಸಿದ್ದರಾಜುವನ್ನು ಕರೆಸಿದರು. ಅವನು ಬಂದು, ಭಾವ ಆಡಿದ್ದನ್ನೆಲ್ಲ ನಿಂತು ಕೇಳಿದ. ಕೂಗಾಡಲಿಲ್ಲ, ಆಣೆ ಇಡಲಿಲ್ಲ. ಮನೆಗೆ ಹೋಗಿ ಹಗ್ಗ ಹೊತ್ತು ತಂದು ಹೊನ್ನಗಿರಯ್ಯನ ಕಾಲ ಬಳಿ ಇಟ್ಟ.

"ತಗೊಳ್ಳಿ ಭಾವ. ನನ್ನ ಕೈ ಕಳ್ಳನ ಕೈ ಅಂದ ಮೇಲೆ ಅದರಲ್ಲಿ ನಿಮ್ಮ ಹಗ್ಗ ಇರಬಾರ್ದು."

ಹೊನ್ನಗಿರಯ್ಯ ಗೆದ್ದ. ಗೆದ್ದ ಖುಷಿಯಲ್ಲಿ ಪೇಟೆಗೆ ಹೋಗಿ, ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಚಾವಡಿಗೆ ತೂಗುಹಾಕೋಣ ಅಂದುಕೊಂಡ. ಎಂಥ ಬುದ್ಧಿ ನೋಡಿ.

ಪ್ರಭಾವತಮ್ಮ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ನೋಡಿದಳು. ಬೆಟ್ಟ. ಬಂಡೆ. ಒಂದು ಕಪ್ಪು ಚುಕ್ಕೆ.

"ಯಜಮಾನ್ರೇ, ಇದರಲ್ಲಿ ಮದುವೆ ಎಲ್ಲಿದೆ?"

ಬೇರೆ ದಾರಿಯಿಲ್ಲದೆ ಇದ್ದದ್ದನ್ನು ಹೇಳಿದ. ಆಕೆಗೆ ಸಿಟ್ಟು ಬಂತು.

"ಇದನ್ನ ಅವತ್ತೇ ಬಾಯಿಬಿಟ್ಟು ಹೇಳಿದ್ರೆ ಈ ಚಿಕ್ಕದನ್ನೇ ಕೈಗೆ ಕೊಟ್ಟು ಕಳಿಸ್ತಿದ್ದೆ. ಮದುವೆ ಅಂದ್ರಿ, ಮದುವೆದು ಕೊಟ್ಟೆ. ಈ ಚುಕ್ಕೆ ನೋಡಿ ಒಬ್ಬ ಮನುಷ್ಯನ್ನ ಕಳ್ಳ ಅಂದ್ರಾ? ತಗೊಂಡು ಹೋಗಿ ಇದನ್ನ, ಬಿಸಿಲು ಬಿದ್ದ ಮೇಲೆ ನೋಡಿ. ನೋಡಿ ಆದ ಮೇಲೆ ದೊಡ್ಡದನ್ನ ವಾಪಸ್ ತನ್ನಿ, ಬದಲಾಯಿಸಿ ಕೊಡ್ತೀನಿ."

ಸುಮ್ಮಸುಮ್ಮನೆ ಯಾಕೆ ಕೊಡುತ್ತಾಳೆ ಎಂಬ ಅನುಮಾನ ಆಗಲೂ ಬಂತು. ಆದರೂ ತಂದ.

ಮತ್ತೆ ಎದುರು ಬೆಟ್ಟ. ಬೆಳಗಿನ ಬಿಸಿಲು ಬಂಡೆಗೆ ಬಿದ್ದ ಮೇಲೆ ಅದೇ ಕಪ್ಪು ಅಲುಗಾಡಿತು. ಹೊನ್ನಗಿರಯ್ಯ ಚಿಕ್ಕ ಕ್ಯಾಮೆರಾ ಹಿಡಿದು ಗುಂಡಿ ಒತ್ತಿದ. ಬಂಡೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಕಂಬಳಿಯಲ್ಲಿ ಕೂದಲು ಕಂಡಿತು. ಕೂದಲಿನ ಮುಂದೆ ಉದ್ದನೆಯ ಮಾಸಲು ಮೂತಿ. ಮೂತಿಯ ತುಂಬ ಜೇನು ಮೆತ್ತಿತ್ತು. ಕರಡಿ. ಬಂಡೆಯ ಹಿಂಬದಿಯ ಬಿರುಕು ಹಿಡಿದು ಬಂದು, ಸುತ್ತ ಹಾರುವ ಹುಳಗಳನ್ನು ಲೆಕ್ಕಿಸದೆ ಹುಟ್ಟು ಬಗೆದು ತಿನ್ನುತ್ತಿತ್ತು. ಗೂನುಬೆನ್ನು ಅಂದುಕೊಂಡಿದ್ದನಲ್ಲ, ಅದು ತಾಯಿಯ ಬೆನ್ನ ಮೇಲೆ ಅಂಟಿಕೊಂಡು ಕೂತಿದ್ದ ಮರಿ.

ಹೊನ್ನಗಿರಯ್ಯ ಅಲ್ಲೇ ಕುಕ್ಕರಿಸಿದ. ನಾಚಿಕೆಯಿಂದ ಅವನ ಮುಖ ಸುಟ್ಟ ಹಾಗಾಯಿತು. ಅವನು ರಸ್ತೆಬದಿಯಲ್ಲಿ ಜೇನು ಮಾರುವಾಗ ಕಾರಿನವರು ಬಾಟಲಿ ಅಲ್ಲಾಡಿಸಿ, 'ಬೆಲ್ಲದ ಪಾಕ ಅಲ್ಲ ತಾನೇ?' ಎಂದು ಕೇಳಿದಾಗಲೆಲ್ಲ ಅವನಿಗೆ ಅವಮಾನವಾಗುತ್ತಿತ್ತು. ಅಂಥದೇ ಅನುಮಾನದ ಮಾತನ್ನು ತಾನು ಯಾರಿಗೆ ಆಡಿದ್ದೆ ಅನ್ನುವುದು ಈಗ ಹೊಳೆಯಿತು.

ನೇರ ಸಿದ್ದರಾಜುವಿನ ಮನೆಗೆ ಹೋಗಿ ಕ್ಯಾಮೆರಾ ಚಾಚಿದ. "ತಪ್ಪಾಯ್ತು ಕಣೋ ಸಿದ್ದ. ನೋಡು, ಕರಡಿ."

ಸಿದ್ದರಾಜು ಅದರತ್ತ ತಿರುಗಿಯೂ ನೋಡಲಿಲ್ಲ.

"ನಾನ್ಯಾಕೆ ನೋಡ್ಲಿ ಭಾವ? ಅಲ್ಲಿದ್ದೋನು ನಾನಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನೀವು ನೋಡಬೇಕಾಗಿತ್ತು, ನೋಡಿದ್ರಿ."

ಆಮೇಲೆ ಅವನೇ ಹೇಳಿದ. "ಉಳಿದಿರೋ ಹುಟ್ಟನ್ನಾದ್ರೂ ಕೀಳೋಣ. ಅಕ್ಕ ಉಪವಾಸ ಬೀಳಬಾರ್ದು. ಚಾವಡಿಯಲ್ಲಿ ನಾಲ್ಕು ಜನಕ್ಕೆ ಇದನ್ನ ತೋರಿಸಿ, ಹಗ್ಗ ತನ್ನಿ."

ತೋರಿಸಿದ. ತಂದ. ಮಾರನೆಯ ಬೆಳಗ್ಗೆ ಕರಡಿ ಇಲ್ಲದ್ದನ್ನು ನೋಡಿಕೊಂಡು, ಬಿರುಕಿನ ಬಾಯಲ್ಲಿ ಹೊಗೆ ಹಾಕಿ, ಇಬ್ಬರೂ ನೆತ್ತಿಗೆ ಹತ್ತಿದರು. ಸಿದ್ದರಾಜು ಕಲ್ಲಿಗೆ ಕಾಲು ಕೊಟ್ಟು ಕೂತು, ಎಂದಿನ ಹಾಗೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ. ಹೊನ್ನಗಿರಯ್ಯ ಕಂಬಳಿ ಹೊದ್ದು ಅಂಚಿಗೆ ಬಂದು ನಿಂತ.

ನಿಂತವನು ಹಿಂದಿರುಗಿ ಸಿದ್ದರಾಜುವಿನ ಕೈ ನೋಡಿದ. ಅದೇ ಕೈ. ಇಷ್ಟು ವರ್ಷ ಒಮ್ಮೆಯೂ ಹೀಗೆ ತಿರುಗಿ ನೋಡಿರಲಿಲ್ಲ. ನಾನು ಇವನ ಜಾಗದಲ್ಲಿದ್ದಿದ್ದರೆ? ನಾಲ್ಕು ಜನರ ಮುಂದೆ ನನ್ನನ್ನು ಕಳ್ಳ ಅಂದವನ ಹಗ್ಗ ನನ್ನ ಕೈಗೆ ಸಿಕ್ಕಿದ್ದರೆ? ತಾನು ಏನು ಮಾಡುತ್ತಿದ್ದೆ ಎಂಬುದು ಹೊನ್ನಗಿರಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಮ್ಮೆ ತಿರುಗಿ ನೋಡಿದ. ಕೆಳಗೆ ಜೇನು ಗುಂಯ್‌ಗುಟ್ಟುತ್ತಿತ್ತು, ಕಾಲು ಮಾತ್ರ ಇಳಿಯಲೊಲ್ಲದು.

ಸಿದ್ದರಾಜುವಿಗೆ ಅರ್ಥವಾಯಿತು. ಅವನು ತನ್ನ ಸೊಂಟದ ಹಗ್ಗ ಬಿಚ್ಚಿದ.

"ನಾನು ಯಾವತ್ತೂ ಬಿಡ್ತಿರಲಿಲ್ಲ ಭಾವ," ಎಂದ. "ಆದ್ರೆ ನೀವು ಇನ್ನು ಇಳಿಯಲ್ಲ. ನಡೀರಿ, ಮನೆಗೆ ಹೋಗೋಣ."

ಇಬ್ಬರೂ ಬೆಟ್ಟ ಇಳಿದರು. ಆ ವರ್ಷ ಉಳಿದ ಜೇನನ್ನೆಲ್ಲ ಕರಡಿ ತಿಂದಿತು. ಹೊನ್ನಗಿರಯ್ಯ ಅದನ್ನು ಎದುರು ಬೆಟ್ಟದಲ್ಲಿ ಕೂತು, ಚಿಕ್ಕ ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ತುಂಬಿಕೊಂಡು ನೋಡಿದ.

ನೀತಿ: ಅನುಮಾನ ಇಟ್ಟುಕೊಂಡು ನೋಡುವವನಿಗೆ ಕಪ್ಪು ಚುಕ್ಕೆಯಲ್ಲೂ ಕಳ್ಳನೇ ಕಾಣುತ್ತಾನೆ. ನಮಗೆ ಬೇಕಾದ್ದೇನು ಎಂಬುದನ್ನು ಮುಚ್ಚಿಟ್ಟು ವ್ಯಾಪಾರ ಮಾಡಿದರೆ ತಪ್ಪು ಸಾಮಾನು ಮನೆಗೆ ಬರುತ್ತದೆ. ಅದನ್ನಾದರೂ ಅಂಗಡಿಗೆ ಹಿಂದಿರುಗಿಸಬಹುದು. ನಮ್ಮವರನ್ನು ಅನುಮಾನಿಸಿ ಆಡಿದ ಮಾತನ್ನು ಯಾವ ಅಂಗಡಿಯವರೂ ವಾಪಸು ತೆಗೆದುಕೊಳ್ಳುವುದಿಲ್ಲ.