ಮರಕುಟಿಗನ ಅರಗು

ಸಿಂಹರಾಜನ ಆಜ್ಞೆಗಳನ್ನು ಆಲದ ಕಾಂಡದಲ್ಲಿ ಕೆತ್ತುವುದು ಮರಕುಟಿಗನ ಕೆಲಸ. ಕೆತ್ತಿದ ಅಕ್ಷರಗಳಿಗೆ ಕೆಂಪು ಅರಗು ತುಂಬಿ, ಉಜ್ಜಿ ನುಣುಪು ಮಾಡುತ್ತಿದ್ದ. ದೂರದಿಂದ ನೋಡಿದವರೂ ತಲೆದೂಗಬೇಕೆಂಬುದು ಅವನ ಆಸೆ.

ಒಂದು ದಿನ ಕಣ್ಣು ಕಾಣದ ಕರಡಿಯಜ್ಜ ಬಂದು ಕಾಂಡವನ್ನು ತಡವಿದ. "ಏನು ಬರೆದಿದ್ದೀಯಪ್ಪಾ?"

"ಹೊಳೆ ಉಕ್ಕಿದರೆ ಗುಡ್ಡ ಹತ್ತುವ ದಾರಿ, ಅಜ್ಜ. ಯಾರನ್ನಾದರೂ ಕೇಳಿ ತಿಳಿದುಕೋ."

"ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ರಾಜರು ಹೇಳಿದ್ದು ನನಗೂ ತಾನೆ? ನಿನ್ನ ಕೊಕ್ಕಿನ ಸದ್ದು ಕೇಳಿ, ಮುಟ್ಟಿ ಓದೋಣವೆಂದು ಬಂದೆ. ಇಲ್ಲಿ ನೋಡಿದರೆ ಬರೀ ನುಣುಪು."

ಅಜ್ಜ ಹೋದ ಮೇಲೆ ಮರಕುಟಿಗ, ತಾನೇ ತುಂಬಿದ ಅರಗನ್ನು ಸಂಜೆಯವರೆಗೆ ಕುಕ್ಕಿ ಕುಕ್ಕಿ ತೆಗೆದ. "ಅಂದವೆಲ್ಲ ಹಾಳಾಯಿತು" ಎಂದು ನವಿಲು ಮೂಗು ಮುರಿಯಿತು.

ವಾರ ಕಳೆಯುವುದರೊಳಗೆ ಹೊಳೆ ಉಕ್ಕಿತು. ಮೋಡ ನೆಲಕ್ಕಿಳಿದು ಪಕ್ಕದವರ ಮುಖವೂ ಕಾಣದಂತಾಯಿತು. ಎಲ್ಲರೂ ಆಲದ ಬುಡಕ್ಕೆ ಓಡಿದರು. ಅಂದ ನೋಡಿ ಹೊಗಳಿದವರೇ ಎಲ್ಲ, ದಾರಿ ನೆನಪಿಟ್ಟವರು ಒಬ್ಬರೂ ಇಲ್ಲ. ಕರಡಿಯಜ್ಜ ಮಾತ್ರ ಗುಳಿಗಳ ಮೇಲೆ ಪಂಜ ಆಡಿಸಿ ನಿಧಾನವಾಗಿ ಓದಿದ: "ಹುಣಸೆಮರದಿಂದ ಎಡಕ್ಕೆ, ಬಂಡೆ ಹಿಡಿದು ಮೇಲಕ್ಕೆ." ನವಿಲೂ ಸೇರಿ ಎಲ್ಲರೂ ಅವನ ಹಿಂದೆ ಗುಡ್ಡ ಹತ್ತಿದರು.

ಸಿಂಹರಾಜ ಬೆರಗಾಗಿ ಕೇಳಿದ: "ಅಜ್ಜನಿಗೆ ಓದು ಕಲಿಸಿದವರು ಯಾರು?"

ಮರಕುಟಿಗ ತಲೆ ತಗ್ಗಿಸಿದ. "ಅಜ್ಜನಿಗೆ ಓದು ಮೊದಲೇ ಬರುತ್ತಿತ್ತು, ಪ್ರಭು. ಅಡ್ಡ ಇದ್ದದ್ದು ನನ್ನ ಅರಗು."