ನಡುವಕ್ಕ ಮುನಿದು ಕುಳಿತದ್ದು, ಎರೆಮಣ್ಣು ಹುಟ್ಟಿದ್ದು

ಲೋಕ ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿಯ ಹಾಗೆ ಹೊಸದಾಗಿತ್ತು. ಯಾವ ಕೂಗು ಯಾರದೆಂದು ಹಕ್ಕಿಗಳಿಗೂ ಇನ್ನೂ ಗೊತ್ತಾಗಿರಲಿಲ್ಲ. ಆಗ ಭೂಮಿಯೊಳಗೆ ಮೂವರು ಒಡಹುಟ್ಟಿದವರಿದ್ದರು.

ಎಲ್ಲಕ್ಕಿಂತ ಕೆಳಗಿನ ಕೋಣೆಯಲ್ಲಿ ಅಣ್ಣ ಕೆಂಡಪ್ಪ. ಕಬ್ಬಿಣ ಕರಗಿ ಕುದಿಯುವ ಮೈ ಅವನದು. ಎಲ್ಲಕ್ಕಿಂತ ಮೇಲೆ ತಂಗಿ ಚಕ್ಕೆವ್ವ. ಹಾಲಿನ ಕೆನೆಯಷ್ಟು ತೆಳು ಅವಳು. ಆದರೆ ಬೆಟ್ಟ, ಕಾಡು, ಕಡಲು ಎಲ್ಲವೂ ಇದ್ದದ್ದು ಅವಳ ಬೆನ್ನ ಮೇಲೇ. ಇವರಿಬ್ಬರ ಮಧ್ಯೆ ನಡುವಕ್ಕ. ಮನೆಯ ಹೆಚ್ಚಿನ ಜಾಗವೆಲ್ಲ ಅವಳೇ. ಹೆಚ್ಚಿನ ಕೆಲಸವೂ ಅವಳದೇ.

ಕೆಲಸ ಏನೆಂದರೆ, ಕೆಳಗಿನ ಹೊಸ್ತಿಲಿಗೆ ಹೋಗಿ ಅಣ್ಣನ ಬಿಸಿ ತುಂಬಿಕೊಂಡು ಮೇಲೆ ಹತ್ತಬೇಕು. ತಂಗಿಗೆ ಆ ಬಿಸಿ ಕೊಟ್ಟು, ಅಲ್ಲಿ ತಣ್ಣಗಾದ ಕಲ್ಲು ಹೊತ್ತು ಕೆಳಗೆ ಇಳಿಯಬೇಕು. ಹತ್ತಬೇಕು, ಇಳಿಯಬೇಕು. ಮತ್ತೆ ಹತ್ತಬೇಕು, ಮತ್ತೆ ಇಳಿಯಬೇಕು. ನಡುವಕ್ಕನ ಮೈ ಗಟ್ಟಿ ಕಲ್ಲು. ಆದರೂ ಬಿಸಿಗೆ ಮಿದುವಾಗಿ, ನಾದಿದ ಕಣಕದ ಹಾಗೆ ಮೆಲ್ಲಮೆಲ್ಲಗೆ ಜರುಗುತ್ತಿತ್ತು.

ಅವಳು ಕೆಳಗೆ ಬಂದರೆ ಕೆಂಡಪ್ಪ ಸಿಡುಕುತ್ತಿದ್ದ. "ಎಷ್ಟ ಹೊತ್ತ ಮಾಡ್ತಿ ತಂಗಿ! ಇಲ್ಲಿ ನಾ ಬೇಯಾಕತ್ತೀನಿ!"

ಅವಳು ಮೇಲೆ ಬಂದರೆ ಚಕ್ಕೆವ್ವ ಚೀರುತ್ತಿದ್ದಳು. "ಅಕ್ಕಾ, ಅಷ್ಟ ಜೋರ ಬರಬ್ಯಾಡ! ಹಳೇ ಬಿರುಕ ಇನ್ನೂ ಕೂಡಿಲ್ಲ!"

ಕೆಳಗಿನವನಿಗೆ ನಿಧಾನವಾಯಿತು. ಮೇಲಿನವಳಿಗೆ ಜೋರಾಯಿತು. ನಡುವಕ್ಕನ ಪಾಡು ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಯಿತು. ಆದರೂ ಹಲ್ಲು ಕಚ್ಚಿಕೊಂಡು ಹತ್ತಿದಳು, ಇಳಿದಳು.

ಒಂದು ದಿನ ಅವಳು ಏದುಸಿರು ಬಿಡುತ್ತ ಮೇಲೆ ಬಂದಳು. ಅವಳ ಮೈ ತಾಕಿ ಚಕ್ಕೆವ್ವನ ಎರಡು ಚಕ್ಕೆಗಳು ಒಂದಕ್ಕೊಂದು ಒತ್ತಿಕೊಂಡು, ನಡುವೆ ಹೊಸದೊಂದು ಬೆಟ್ಟ ಎದ್ದಿತು.

ಚಕ್ಕೆವ್ವ ಹೌಹಾರಿದಳು. "ನೋಡಿದೇನು? ನನ್ನ ಮುಖದ ಮ್ಯಾಲೆ ಮತ್ತೊಂದ ಗಂಟ! ನಿನಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು?"

ನಡುವಕ್ಕ ತಣ್ಣನೆಯ ಕಲ್ಲು ಹೊತ್ತು ಕೆಳಗೆ ಇಳಿದಳು. ಅಲ್ಲಿ ಕೆಂಡಪ್ಪ ಮುಖ ಕೂಡ ಎತ್ತದೆ ಗೊಣಗಿದ. "ಬಂದಿ? ಸುಮ್ನ ಅಡ್ಡಾಡಿಕೊಂಡ ಇರಾಕ ನಿನಗೇನ, ಆರಾಮ ಐತಿ."

ಅಡ್ಡಾಡಿಕೊಂಡು! ಆರಾಮ!

ನಡುವಕ್ಕ ಹೊತ್ತಿದ್ದ ಕಲ್ಲನ್ನು ದೊಪ್ಪೆಂದು ಇಳಿಸಿದಳು.

"ಸಾಕಾತು," ಅಂದಳು. "ನಿಮ್ಮಿಬ್ಬರ ಕೂಡ ಸಾಕಾಗಿ ಹೋತು ನನಗ. ನಿನ್ನ ಬಿಸಿ ನೀನ ಇಟ್ಕೋ. ಅಕಿ ಥಂಡಿ ಅಕೀನ ಇಟ್ಕೊಳ್ಳಿ. ನಾ ಇಲ್ಲೇ ಕುಂದ್ರತೀನಿ."

ಅಲ್ಲೇ ಕುಳಿತಳು, ಅಣ್ಣನ ಹೊಸ್ತಿಲಿಗೆ ಮುಚ್ಚಳ ಹಾಕಿದ ಹಾಗೆ.

ಮೊದಮೊದಲು ಚಕ್ಕೆವ್ವನಿಗೆ ಹಿಗ್ಗೋ ಹಿಗ್ಗು. ಅಲುಗಾಟವಿಲ್ಲ, ಹೊಸ ಗಂಟಿಲ್ಲ. ಆದರೆ ಮಳೆ ಬೆಟ್ಟಗಳನ್ನು ತೊಳೆಯುತ್ತಲೇ ಇತ್ತು, ಗಾಳಿ ಉಜ್ಜುತ್ತಲೇ ಇತ್ತು. ಹೊಸ ಬೆಟ್ಟ ಏಳಲಿಲ್ಲ. ಹಳೆಯವು ಸವೆದವು, ಸವೆದು ಗುಡ್ಡವಾದವು, ಗುಡ್ಡ ಸವೆದು ದಿಬ್ಬವಾದವು. ಕೊನೆಗೆ ನೆಲವೆಲ್ಲ ರೊಟ್ಟಿ ಹಿಟ್ಟು ನಾದುವ ಕೊಣಮಿಗೆಯ ತಳದಂತೆ ಚಪ್ಪಟೆಯಾಯಿತು.

ಮೋಡಗಳನ್ನು ತಡೆಯಲು ಯಾರೂ ಇರಲಿಲ್ಲ. ಬಂದಷ್ಟೇ ವೇಗವಾಗಿ ದಾಟಿ ಹೋದವು. ಹೊಳೆವ್ವನಿಗೆ ಹರಿಯಲು ಇಳಿಜಾರೇ ಸಿಗಲಿಲ್ಲ. ನಿಂತಲ್ಲೇ ನಿಂತು ಪಾಚಿಗಟ್ಟಿದಳು. ಜಿಂಕೆಗಳು ಬಂದು ಮೂಸಿ, ಕುಡಿಯದೆ ತಿರುಗಿ ಹೋದವು.

ಹೊಳೆವ್ವ ಚಕ್ಕೆವ್ವನನ್ನು ಕೇಳಿದಳು. "ನಿಮ್ಮ ಅಕ್ಕನ್ನ ಒಂದ ಮಾತ ಕರೀಬಾರದೇನು? ಜಿಂಕಿ ಮರಿ ಸಾಯಾಕತ್ತಾವು."

"ನಾ ಯಾಕ ಕರೀಲಿ? ಎದ್ದ ಹೋದಾಕಿ ಅಕಿ." ಚಕ್ಕೆವ್ವ ಚಳಿಗೆ ನಡುಗುತ್ತಲೇ ಬಿಗುಮಾನ ತೋರಿಸಿದಳು.

ಇವರ ಮನೆಯ ಜಗಳ ಹೀಗೆ ತೀರುವುದಲ್ಲ ಎಂದು ಹೊಳೆವ್ವನಿಗೆ ತಿಳಿಯಿತು. ಇದ್ದ ಶಕ್ತಿಯೆಲ್ಲ ಕೂಡಿಸಿ ತೆವಳುತ್ತ ಕಡಲು ಸೇರಿದಳು. ಕಡಲಿನ ತಳದಲ್ಲೊಂದು ಬಿರುಕಿತ್ತು. ಅದರೊಳಗೆ ನುಗ್ಗಿ, ಕಲ್ಲಿನ ಸಂದಿ ಸಂದಿಯಲ್ಲಿ ಜಿನುಗುತ್ತ ಕೆಳಗೆ ಇಳಿದಳು. ಬಿಸಿ ಹೆಚ್ಚಿತು, ಭಾರ ಹೆಚ್ಚಿತು. ಹಿಂದಕ್ಕೆ ಹೋಗೋಣವೆನ್ನಿಸಿತು. ಜಿಂಕೆ ಮರಿ ನೆನಪಾಗಿ ಮತ್ತೆ ಇಳಿದಳು.

ಹೊಳೆವ್ವ ಹತ್ತಿರ ಬಂದಾಗ ನಡುವಕ್ಕ ಮುಖ ತಿರುಗಿಸಿಯೇ ಕೇಳಿದಳು. "ನೀನೂ ದೂರ ಹೇಳಾಕ ಬಂದಿಯೇನು?"

"ದೂರ ಐತಿ. ಆಮ್ಯಾಲೆ ಹೇಳ್ತೀನಿ. ನಿನ್ನ ಮಂಡಿ ನೋಯ್ತಾವೇನ ಅಕ್ಕಾ?"

ನಡುವಕ್ಕ ಮುಖ ಇತ್ತ ತಿರುಗಿಸಿದಳು. ಈ ಮಾತನ್ನು ಅವಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ.

"ನೋಯ್ತಾವ," ಅಂದಳು ಮೆಲ್ಲಗೆ. ಆಮೇಲೆ ಕಟ್ಟೆ ಒಡೆದ ಹಾಗೆ ಶುರುವಾಯಿತು. "ನೋಯದ ಏನ್ ಮಾಡ್ತಾವ? ಅಂವ ಲಗೂ ಬಾ ಅಂತಾನ, ಇಕಿ ಸಾವಕಾಶ ಬಾ ಅಂತಾಳ. ಅಂಗಾಲ ಸುಡತೈತಿ, ನೆತ್ತಿ ಥಂಡಿ ಹಿಡಿತೈತಿ. ಉಂಡಿಯೇನ, ಕುಂತಿಯೇನ ಅಂತ ಒಬ್ಬರೂ ಕೇಳಂಗಿಲ್ಲ!"

ಹೊಳೆವ್ವ ನಡುವೆ ಬಾಯಿ ಹಾಕಲಿಲ್ಲ. ಕೇಳುತ್ತಾ ಕೇಳುತ್ತಾ ಅವಳ ಒಣಗಿ ಬಿರುಸಾದ ಕೀಲುಗಳಿಗೆಲ್ಲ ಇಷ್ಟಿಷ್ಟೇ ಇಂಗಿದಳು. ನೀರು ತಾಗಿದಲ್ಲೆಲ್ಲ ಕಲ್ಲು ಸಡಿಲಿತು. ಬೈದು ಬೈದು ನಡುವಕ್ಕನ ಗಂಟಲು ಕಟ್ಟುವ ಹೊತ್ತಿಗೆ ಮಂಡಿಯ ನೋವು ಇಳಿದಿತ್ತು.

"ಹೂಂ, ಈಗ ಹೇಳು ನಿನ್ನ ದೂರ," ಅಂದಳು.

"ನೆಲ ಚಪ್ಪಟಿ ಆಗೇತಿ. ನಾ ಹರಿಯಾಕ ಬರವಲ್ದು. ಜಿಂಕಿ ಮರಿಗೆ ನೀರಿಲ್ಲ."

ನಡುವಕ್ಕ ಹಣೆ ಚಚ್ಚಿಕೊಂಡಳು. "ನಾ ಒಂದ ಗಳಿಗಿ ಕುಂತರ ಇಷ್ಟೆಲ್ಲಾ ಆಗ್ತೈತೇನು! ಏಳ್ತೀನಿ ತಗೋ. ಅವರ ಸಲುವಾಗಿ ಅಲ್ಲ ಮತ್ತ!"

ಅವಳು ಎದ್ದಳು. ಆದರೆ ಇಷ್ಟು ಕಾಲ ಅವಳ ಕೆಳಗೆ ಅಣ್ಣನ ಬಿಸಿಯೆಲ್ಲ ಒತ್ತಿ ಒತ್ತಿ ಕೂಡಿಕೊಂಡಿತ್ತಲ್ಲ! ಮುಚ್ಚಳ ತೆಗೆದದ್ದೇ ತಡ, ಅದು ದೊಡ್ಡ ಉಂಡೆಯಾಗಿ ಮೇಲಕ್ಕೆ ನುಗ್ಗಿತು.

"ಸಾವಕಾಶ! ಸಾವಕಾಶ!" ನಡುವಕ್ಕ ಕೂಗುತ್ತ ಹಿಂದೆ ಹೋದಳು. ಯಾರು ಕೇಳಬೇಕು? ಚಕ್ಕೆವ್ವನ ಬೆನ್ನು ಚರಚರನೆ ಸೀಳಿತು. ಕರಗಿದ ಕಲ್ಲು ಉಕ್ಕಿ ಬಯಲ ಮೇಲೆ ಹರಿಯಿತು. ಜಿಂಕೆಗಳು ಮರಿಗಳನ್ನು ಮುಂದೆ ಹಾಕಿಕೊಂಡು ತೆಂಕಣಕ್ಕೆ ಓಡಿದವು. ಒಂದು ಪದರ ಆರುವಷ್ಟರಲ್ಲಿ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

"ಅಕ್ಕಾ! ನಾ ಸತ್ತೆ!" ಚಕ್ಕೆವ್ವ ಅತ್ತಳು. "ತಪ್ಪಾತು, ಅಕ್ಕಾ!"

"ತಂಗೀ, ನನ್ನದೂ ತಪ್ಪಾತು!" ಕೆಳಗಿನಿಂದ ಕೆಂಡಪ್ಪನೂ ಕೂಗಿದ.

ನಡುವಕ್ಕ ಮೈ ಅಡ್ಡ ಹಾಕಿ, ಉಕ್ಕುವ ದಾರಿಯನ್ನು ಹೇಗೋ ಮುಚ್ಚಿದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇಬ್ಬರೂ ಕಿವಿಗೊಟ್ಟು ಕೇಳ್ರಿ. ನಾ ನಡಿತೀನಿ. ಆದರ ನನ್ನ ನಡಿಗಿ ನನ್ನದು. ಬೆರಳಿನ ಉಗುರ ಬೆಳೆದಷ್ಟ ನಿಧಾನ. ಲಗೂ ಅಂದರೂ ಇಲ್ಲ, ಸಾವಕಾಶ ಅಂದರೂ ಇಲ್ಲ. ಗೊತ್ತಾತೇನು?"

ಇಬ್ಬರೂ ಹೂಂ ಅಂದರು. ನಡುವಕ್ಕ ಹತ್ತಿದಳು, ಇಳಿದಳು. ನೆಲ ಮೆಲ್ಲಗೆ ಮಡಿಚಿಕೊಂಡು ಬೆಟ್ಟಗಳೆದ್ದವು, ಮೋಡಗಳು ನಿಂತು ಸುರಿದವು. ಹೊಳೆವ್ವ ಆವಿಯಾಗಿ ಮೇಲೆ ಬಂದು, ಮಳೆಯಾಗಿ ಇಳಿದು, ಪಾಚಿ ಕಳೆದುಕೊಂಡು ಓಡಿದಳು. ಜಿಂಕೆಗಳು ಮರಿಗಳೊಂದಿಗೆ ತಿರುಗಿ ಬಂದು ಹೊಟ್ಟೆ ತುಂಬ ಕುಡಿದವು.

ಉಕ್ಕಿ ಹರಿದ ಕಲ್ಲು ಆರಿ ಕಪ್ಪಾಗಿತ್ತು. ಬಿಸಿಲು ಅದನ್ನು ಒಡೆಯಿತು, ಮಳೆ ನೆನೆಸಿತು, ಬೇರು ಸೀಳಿತು. ಎಷ್ಟೋ ಕಾಲಕ್ಕೆ ಅದು ಮಣ್ಣಾಯಿತು.

ಮಗೂ, ಮಳೆಗಾಲದಲ್ಲಿ ಜೋಳದ ಹೊಲಕ್ಕೆ ಹೋದಾಗ ನಿನ್ನ ಚಪ್ಪಲಿಗೆ ಮೆತ್ತಿಕೊಂಡು, ಎಷ್ಟು ಒದರಿದರೂ ಬಿಡದೆ ಸಾಕುಸಾಕು ಮಾಡುವ ಕರಿ ಎರೆಮಣ್ಣು ಇದೆಯಲ್ಲ, ಅದು ನಡುವಕ್ಕನ ಅಂದಿನ ಸಿಟ್ಟೇ.